ಗುರುವಾರದ ಗುಂಪಿಗೆ, ಗುಡ್ಡದ ಪರವಾಗಿ

ಕೂತ್ಕೊಳ್ಳಿ, ಎರಡೇ ನಿಮಿಷ. ಬೂಟು ಬಿಚ್ಚುತ್ತಲೇ ಕೇಳಿ.
ಇವತ್ತೂ ಅದೇ ಆರು ಮೈಲಿ: ಗ್ಯಾಸ್ ಗೋದಾಮು, ವರ್ತುಲ ರಸ್ತೆ,
ಟೈರ್ ಅಂಗಡಿ ಮುಂದಿನ ಸಿಗ್ನಲ್ಲಲ್ಲಿ
ನಿಂತಲ್ಲೇ ಕುಣಿಯುತ್ತ ಹಸಿರು ದೀಪಕ್ಕೆ ಕಾದು
ಗಡಿಯಾರ ನಿಲ್ಲಿಸಿ, ಮತ್ತೆ ಒತ್ತಿ.
ನೆವಿಲ್, ನಿನಗೆ ಹದಿನಾಲ್ಕು ಸೆಕೆಂಡು ಉಳಿಯಿತಂತೆ.
ಸಂತೋಷ. ನಿಜವಾಗಿಯೂ.
ಉಳಿದ ಹದಿನಾಲ್ಕನ್ನು ಎಲ್ಲಿಟ್ಟೆ?

ಈ ಹಾಲಿನ ಅಡುಗೆಮನೆ ಕಿಟಕಿಯಿಂದ
ಕಪ್ಪು ತೊಳೆಯುವಾಗ ಎಲ್ಲರೂ ನೋಡಿದ್ದೀರಿ ಅದನ್ನ:
ಗ್ರೈಮ್ ಹೌ. ಕಂಬ್ರಿಯಾದ ನಕ್ಷೆಯಲ್ಲಿ
ಹೆಬ್ಬೆರಳಿಟ್ಟರೆ ಮುಚ್ಚಿಹೋಗುವ ಬೋಳುಗುಡ್ಡ.
ದೂರದ ಬೆಟ್ಟ ನುಣ್ಣಗೆ.
ಹತ್ತಿರ ಹೋದರೆ ಇಲ್ಲ, ಸುಳ್ಳು ಹೇಳಲ್ಲ.
ಜೌಗಿದೆ, ಮೊಣಕಾಲತನಕ ನುಂಗಿ
ಒಂದು ಕಾಲಿನ ಬೂಟನ್ನು ಅಡವಿಟ್ಟುಕೊಳ್ಳುವಂಥದ್ದು.
ಎದೆಮಟ್ಟ ಜರಿಗಿಡ, ಅದರೊಳಗೆ
ಗೇಣಗಲದ ಜಾಡು,
ಅದೂ ಕುರಿಗೆ ಬೇಕಾದ ಕಡೆಗೆ, ನಿಮಗೆ ಬೇಕಾದ ಕಡೆಗಲ್ಲ.

ಹತ್ತುವಾಗ ಯಾರೂ ಓಡೋದಿಲ್ಲ, ಇದು ಗುಟ್ಟು.
ಗೆಲ್ಲುವವರೂ ಅಂಗೈಯೆರಡನ್ನೂ ತೊಡೆಗೂರಿ
ಅಟ್ಟದ ಮೆಟ್ಟಿಲೇರುವ ಅಜ್ಜಿಯರ ಹಾಗೆ
ಬಾಗಿ, ಯಾರನ್ನೋ ಬೈದುಕೊಂಡು, ನಡೀತಾರೆ.
ಮೈಲಿಗೆ ಇಪ್ಪತ್ತೆರಡು ನಿಮಿಷ ಅನ್ನುತ್ತೆ ಗಡಿಯಾರ.
ಅನ್ನಲಿ ಬಿಡಿ.

ಇಳಿಯುವುದು ಬೇರೆ.
ಕಣ್ಣು ಮೂರು ಹೆಜ್ಜೆ ಮುಂದೆ,
ಕಾಲು ಕಣ್ಣಿನ ಹಿಂದೆ,
ಭಯ ಎರಡಕ್ಕೂ ಹಿಂದೆ, ಏದುಸಿರು ಬಿಡುತ್ತ.
ಐವತ್ಮೂರರ ಹೆಂಗಸು ನಾನು,
ಹಲ್ಲಿನ ಡಾಕ್ಟರ ಹತ್ತಿರ ರಸೀದಿ ಬರೆಯುವವಳು,
ಕಲ್ಲಿಂದ ಕಲ್ಲಿಗೆ ಹಾರಿ ಕಿರುಚಿದೆ.
ನೋವಿಗಲ್ಲ.

ಹೋದ ವರ್ಷದ ಮ್ಯಾರಥಾನು ಯಾರಿಗೂ ಹೇಳಿರಲಿಲ್ಲ.
ಹನ್ನೊಂದನೇ ಮೈಲಿಗೆ ಬಸ್ ನಿಲ್ದಾಣದಲ್ಲಿ ಕೂತೆ.
ಬಸ್ಸು ಬಂತು, ಹತ್ತಿ ಮನೆಗೆ ಹೋದೆ.
ನಾಲ್ಕು ಸಾವಿರ ಜನ ಓಡುತ್ತಲೇ ಇದ್ದರು.
ಮುಂದಿನ ವಾರ ಅಂಚೆಯಲ್ಲಿ ಪದಕ ಬಂತು,
ಓಡಿ ಮುಗಿಸಿದ್ದಕ್ಕೆ, ಅಭಿನಂದನೆಗಳೊಂದಿಗೆ.
ಡ್ರಾಯರಿನಲ್ಲಿದೆ, ಹಳೆಯ ಬ್ಯಾಟರಿಗಳ ಜೊತೆ.

ಗ್ರೈಮ್ ಹೌನಲ್ಲಿ ನಾನು ಕೊನೆಯವಳು.
ಮಂಜು ಹೊದ್ದುಕೊಂಡಿತ್ತು ನೆತ್ತಿ. ಮುಂದಿದ್ದ ಬೆನ್ನುಗಳೆಲ್ಲ
ಒಂದೊಂದಾಗಿ ಒರೆಸಿಹೋದವು.
ತಿರುಗಿಬಿಡೋಣ ಅಂದುಕೊಂಡೆ,
ಗೊತ್ತಾಗೋದು ಯಾರಿಗೆ?
ಆಗ ಸೀಟಿ ಕೇಳಿತು. ಆಮೇಲೆ ಕಲ್ಲುಗುಪ್ಪೆ,
ಅದರ ಮಗ್ಗುಲಿಗೆ ಮಡಚುವ ಸ್ಟೂಲು,
ಸ್ಟೂಲಿನ ಮೇಲೆ ಏಮಸ್ ಫಿಯರನ್, ಎಪ್ಪತ್ತೊಂಬತ್ತು,
ಮೂಗಿನ ತುದಿಯಲ್ಲಿ ಹನಿ.
ಕುರಿ ಎಣಿಸಿದ ಬಾಯಿ, ಹಳೆಯ ಲೆಕ್ಕ:
ಇಪ್ಪತ್ತಾದರೆ ಒಂದು ಹರಳು
ಬಲಜೇಬಿನಿಂದ ಎಡಜೇಬಿಗೆ.
ಹೊರಟಿದ್ದು ಅರವತ್ಮೂರು ಜನ.
ಮೂರು ಹರಳು ದಾಟಿಯಾಗಿತ್ತು,
ಯಾನ್ ಹೋಗಿದ್ದ, ಟಾನ್ ಹೋಗಿದ್ದ,
ನಲವತ್ತು ನಿಮಿಷದಿಂದ ಅವನು
ಒಂದೇ ಒಂದು ಸಂಖ್ಯೆಗಾಗಿ ಚಳಿಯಲ್ಲಿ ಕೂತಿದ್ದ.

"ಟೆದರಾ" ಅಂದ, ನನ್ನನ್ನು ನೋಡಿ.
ಅಷ್ಟೇ. ಸ್ಟೂಲು ಮಡಚಿದ.
ಫ್ಲಾಸ್ಕಿನ ತಳದ ಚಹಾ ನನಗೆ ಕೊಟ್ಟ.
ತಣ್ಣಗಿತ್ತು. ಪೂರ್ತಿ ಕುಡಿದೆ.

ಶನಿವಾರ ಹನ್ನೊಂದಕ್ಕೆ, ಕುರಿದೊಡ್ಡಿಯ ಗೇಟಿನ ಹತ್ತಿರ.
ನಾಲ್ಕು ಪೌಂಡು. ಸೀಟಿ, ದಿಕ್ಸೂಚಿ, ಮಳೆಕೋಟು ಕಡ್ಡಾಯ,
ದಿಕ್ಸೂಚಿ ನೋಡೋದು ನಾನು ಕಲಿಸ್ತೀನಿ,
ನನಗೂ ಅರ್ಧವೇ ಗೊತ್ತು.
ಕೊನೆಗೆ ಹೆಟ್ಟಿಯ ಶುಂಠಿ ಕೇಕು, ಇಟ್ಟಿಗೆಯಂಥದ್ದು.
ನೆವಿಲ್, ಗಡಿಯಾರ ಬೇಕಾದರೆ ಕಟ್ಟಿಕೊಂಡೇ ಬಾ,
ಕೆಸರು ಅದರ ಮುಖ ನೋಡಿಕೊಳ್ಳುತ್ತೆ.

ಎರಡು ನಿಮಿಷ ಅಂದಿದ್ದೆ, ಹತ್ತಾಯಿತು.
ಇವತ್ತು ಕಪ್ಪು ತೊಳೆಯೋ ಸರದಿ ಯಾರದು?
ನಿಧಾನಕ್ಕೆ ತೊಳೀರಿ.
ಬೆಳಕಿದೆ ಇನ್ನೂ.