ಇಪ್ಪತ್ತಡಿಗೆ ಒಂದಡಿ

ವಕೀಲೆ ನಸೀಮಾ ಮೇಡಂ ಹೇಳಿದರು:
"ಟೇಲ್ ಪುಲ್ಲಿ ಅಂದರೆ ಕೋರ್ಟಿನ ಸಾಹೇಬರಿಗೆ ತಿಳಿಯೋದಿಲ್ಲ ರುದ್ರೋಜಿ,
ಕಣ್ಣಿಗೆ ಕಾಣೋ ಹಾಗೆ ಏನಾದರೂ ಮಾಡಿ ತನ್ನಿ.
ಮೇಜಿನ ಮೇಲೆ ಹಿಡಿಸುವಷ್ಟು ಸಾಕು."

ಅದಕ್ಕೇ ಕೂತಿದ್ದೇನೆ, ಗೋಪಾಳದ ಬಾಡಿಗೆ ಮನೆಯ ಹಿಂದಿನ ಮೆಟ್ಟಿಲಲ್ಲಿ
ಮಗಳ ಆಟದ ಡಬ್ಬಿ ಬೋರಲು ಹಾಕಿಕೊಂಡು.
ಮಾಚೇನಹಳ್ಳಿಯ ಫೌಂಡ್ರಿಯಲ್ಲಿ
ಸುಟ್ಟ ಮರಳು ಹೊರುವ ಬೆಲ್ಟು ಇಪ್ಪತ್ತಡಿ.
ಇಲ್ಲಿ ಒಂದಡಿ.

ಚಕ್ರ ಕಳಕೊಂಡ ರಿಮೋಟ್ ಕಾರಿನ ಮೋಟರು.
ಬೆರಳ ತುದಿಯಲ್ಲಿ ಗಿರಗಿರ ತಿರುಗಿಸುತ್ತಿದ್ದಳಲ್ಲ, ಆ ಸ್ಪಿನ್ನರಿನಿಂದ
ನಾಲ್ಕು ಬೇರಿಂಗು.
ಒಣಗಿದ ಸ್ಕೆಚ್ ಪೆನ್ನಿನ ಕೊಳವೆ ರೋಲರು,
ಸೈಕಲ್ ಟ್ಯೂಬು ಸೀಳಿದ್ದೇ ಬೆಲ್ಟು.
ಅಂಟಿಸಿದ ಜೋಡು ಉಬ್ಬಿ, ಸುತ್ತಿಗೊಮ್ಮೆ ಟಕ್ ಅನ್ನುತ್ತದೆ.
ದೊಡ್ಡದೂ ಹಾಗೇ ಅನ್ನುತ್ತಿತ್ತು.
ಆ ಟಕ್ಕು ಎಣಿಸಿಯೇ ನಾವು ಟೀ ಹೊತ್ತು ಹೇಳುತ್ತಿದ್ದೆವು.

ಕಾರಿನ ಮೋಟರಿಗೆ ಓಡಿಯೇ ಅಭ್ಯಾಸ;
ನೇರ ಕೊಟ್ಟರೆ ರಾಗಿಯನ್ನೆಲ್ಲ ಗೋಡೆಗೆ ಎರಚಿತು.
(ಮರಳಿಗೆ ಬದಲು ರಾಗಿ. ಹೆಂಡತಿ ಬೈದಾಯಿತು.)
ಚಿಕ್ಕ ಹಲ್ಲುಚಕ್ರ ದೊಡ್ಡದನ್ನು ನೂಕುವ ಹಾಗೆ
ಮೂರು ಜೋಡಿ ಹೂಡಿದ ಮೇಲೆ
ತುಂಬಿದ ಬಸುರಿಯ ನಡಿಗೆ ಬಂತು.

ಆದರೂ ಎಡಕ್ಕೆ ಓಡುತ್ತದೆ.
ರೋಲರಿನ ನಡುವಿಗೆ ನಾಲ್ಕು ಸುತ್ತು ಟೇಪು ಸುತ್ತಿ ಹೊಟ್ಟೆ ಬರಿಸಿದೆ.
ಬೆಲ್ಟಿನ ಗುಣವೇ ಬೇರೆ: ನೀರಿನ ಹಾಗೆ ತಗ್ಗಿಗೆ ಇಳಿಯುವುದಲ್ಲ,
ಉಬ್ಬು ಕಂಡಲ್ಲಿ ಹತ್ತಿ ಅಲ್ಲೇ ನಿಲ್ಲುವುದು.
ನಡುವಿಗೆ ಬಂತು. ಕೂತಿತು.
ಇಷ್ಟೇ ಕೆಲಸ.
ಅಲ್ಲಿಯ ರಿಪೇರಿ ಪುಸ್ತಕದಲ್ಲಿ ಎರಡು ವರ್ಷ
"ಮುಂದಿನ ತಿಂಗಳು" ಅಂತ ಬರೆದಿತ್ತು.

ಸಂಜೆ ಹಾಲೇಶಿ ಬಂದ.
ಬಲಗೈ ಟವೆಲ್ಲಿನೊಳಗೆ, ಎಡಗೈಯಲ್ಲಿ ಮಗಳಿಗೆ ಬಿಸ್ಕೆಟ್ಟು.
ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.
"ಚೆಂದಾಗಿ ಓಡ್ತದಲ್ಲೋ."
ಆಮೇಲೆ, "ಅದೇ ತಪ್ಪು. ಆ ಟೇಪು ಬಿಚ್ಚು.
ಇಷ್ಟು ನೆಟ್ಟಗೆ ಓಡೋ ಬೆಲ್ಟಿಗೆ ನಾನ್ಯಾಕೆ ಕೈ ಹಾಕ್ತಿದ್ದೆ?"

ಉಗುರಿನಿಂದ ಕೆರೆದು ತೆಗೆದೆ.
ಬೆಲ್ಟು ಎಡದ ಚೌಕಟ್ಟಿಗೆ ಮೈ ಉಜ್ಜುತ್ತ ಹೊರಟಿತು,
ಹಿಂದಿನ ರೋಲರಿನ ಬುಡದಲ್ಲಿ ರಾಗಿ ಗುಡ್ಡೆಯಾಯಿತು.
ಈಗ ಸರಿಯಾಗಿ ಕೆಟ್ಟಿತು.

ಆ ಗುಡ್ಡೆಯ ಪಕ್ಕ ಮೂರೂಕಾಲಿಂಚಿನ ಪ್ಲಾಸ್ಟಿಕ್ ಸಿಪಾಯಿಯನ್ನು ನಿಲ್ಲಿಸಿದೆ.
ಬ್ಲೇಡಿನಲ್ಲಿ ಬಂದೂಕು ಕೊಯ್ದ ಮೇಲೆ
ಅವನ ಚಾಚಿದ ಕೈಗೆ ಬೇರೆ ಏನೂ ಕೆಲಸವಿರಲಿಲ್ಲ.

ಉಳಿದದ್ದು ಸ್ವಿಚ್ಚು.

ಮ್ಯಾನೇಜರು ಬರೆಸಿದ ಕಾಗದದಲ್ಲಿದೆ:
ಸ್ವಿಚ್ಚಿನ ಹತ್ತಿರ ನಿಂತರೆ ಟೇಲ್ ಪುಲ್ಲಿ ಕಾಣುತ್ತದೆ,
ಹಾಕುವ ಮುಂಚೆ ಆಪರೇಟರು ಮೂರು ಸಲ ಕೂಗಿದ.
ಕೆಳಗೆ ನನ್ನ ಸಹಿ,
ಆಸ್ಪತ್ರೆಯ ಕಾರಿಡಾರಿನಲ್ಲಿ, ಅವರದೇ ಪೆನ್ನಿನಲ್ಲಿ.

ಯಾರದೋ ಮದುವೆ ಕರೆಯೋಲೆಯ ರಟ್ಟು ಕತ್ತರಿಸಿ ಗೋಡೆ ನಿಲ್ಲಿಸಿದೆ.
ಗೋಡೆಯಾಚೆ ಸ್ವಿಚ್ಚು.
ನೆಲಕ್ಕೆ ಗಲ್ಲ ತಾಗಿಸಿ ಅಲ್ಲಿಂದ ನೋಡಿದೆ:
ರಟ್ಟು. ಗಣಪತಿಯ ಅರ್ಧ ಸೊಂಡಿಲು. ಸಿಪಾಯಿ ಇಲ್ಲ.

ಸರಿ, ಗೋಡೆ ಆಯಿತು.
ಕೂಗದೇ ಇದ್ದದ್ದನ್ನು ಎಲ್ಲಿ ಅಂಟಿಸಲಿ?
ಇಪ್ಪತ್ತು ಪಾಲು ಮಾಡಿ ಒಂದೇ ಪಾಲು ಇಟ್ಟುಕೊಂಡರೂ
ಚಿಕ್ಕದಾಗಲೊಲ್ಲದು ಅದು.

"ನಾನು ಅವತ್ತು ಕೂಗಿರಲಿಲ್ಲ ಹಾಲೇಶಿ."

ಅವನು ಬಿಸ್ಕೆಟ್ ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದ.
"ಗೊತ್ತು," ಅಂದ.
"ನನ್ನ ಕಿವಿಗೇನೂ ಆಗಿರಲಿಲ್ಲವಲ್ಲ."

ರಟ್ಟಿನಾಚೆ ಮಗಳು ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾದಿದ್ದಳು.
"ಅಪ್ಪಾ, ಮಾಮಾ, ಕೈ ತೆಗೀರಿ! ಹಾಕ್ತೀನಿ!"

ತೆಗೆದೆವು.
ಅವನು ಟವೆಲ್ಲಿನೊಳಗಿನದನ್ನೂ ಹಿಂದಕ್ಕೆ ಎಳೆದುಕೊಂಡ.

ಟಕ್.