ಉಳಿದ ಟೈಲ್ಸು

ಮೊದಲು ಚುಕ್ಕಿ.
ಕಿವಿ ಸಂದಿಯಿಂದ ಪೆನ್ಸಿಲ್ ತಗದು
ಈ ಮೂಲ್ಯಾಗ ಒಂದು, ಎದುರಿನ ಮೂಲ್ಯಾಗ ಒಂದು.
ಆಮ್ಯಾಲ ದಾರ, ನೀಲಿ ಪುಡಿ ತಿಂದ ದಾರ.
ಒಂದು ತುದಿ ನಾ ಹಿಡಿತೀನಿ, ಒಂದು ತುದಿ ಯಮನಪ್ಪ,
ನಡುವ ಎತ್ತಿ ಬಿಟ್ರ ಠಪ್!
ಇಪ್ಪತ್ತು ಫೂಟಿನ ಗೆರಿ
ಒಂದ ಉಸುರಿನ್ಯಾಗ.

ಮಡಗಾಂವದ ಆರ್ಕಿಟೆಕ್ಟ್ ಲವೀನಿಯಾ ಮೇಡಂ
ಗೆರಿ ಬಗ್ಗೆ ಭಾಳ ಹೇಳ್ತಾರ.
ಅಡ್ಡ ಮಲಗಿದ್ರ ಮನಿಗೆ ನಿದ್ದಿ,
ನೆಟ್ಟಗ ನಿಂತ್ರ ಮರ್ಯಾದಿ,
ಸೊಟ್ಟಾದ್ರ ಅವಸರ.
ಕಾಲೇಜಿನ್ಯಾಗ ಕಲ್ತದ್ದಂತ.
ಸೊಟ್ಟಾದ್ರ ಪಗಾರ ಕಟ್,
ನಾ ಕಲ್ತದ್ದು ಅಷ್ಟ.

ಪೊರ್ವೊರಿಂ, ಸಿಯೋಲಿಂ, ಮೊಯ್ರಾ,
ಹದಿಮೂರು ಮನಿ ನೆಲ ಹಾಕೀನಿ.
ಒಂದರಾಗ ಬರೇ ಬೂದಿ ಬಣ್ಣ,
ಒಂದರಾಗ ಸಮುದ್ರದ ಹಸಿರು.
ಒಂದು ಮನ್ಯಾಗ ಎಸ್ಮೆರಾಲ್ಡಾ ಅಂತ ಮುದುಕಿ
ಹಳೇ ಕೆಂಪು ನೆಲ ಕೀಳಬ್ಯಾಡ್ರಿ ಅಂತ
ಅದರ ಮ್ಯಾಲ ಕುರ್ಚಿ ಹಾಕ್ಕೊಂಡು ಎರಡು ದಿನ ಕುಂತಿದ್ಲು.
ಕೈಯಿಂದ ಸವರಿ ನೋಡು ಅಂದ್ಲು.
ಸವರಿದೆ.
ಎಮ್ಮಿ ಕೋಡಿಗೆ ಎಣ್ಣಿ ಹಚ್ಚಿದಂಗ ಇತ್ತು.
ಕೀಳಲಿಲ್ಲ. ಆ ಎರಡು ದಿನದ ರೊಕ್ಕಾನೂ ಬರಲಿಲ್ಲ.

ಉಳಿದ ಚೂರು ಯಾರೂ ಎಣಿಸೂದಿಲ್ಲ.
ಸಿಮೆಂಟ್ ಚೀಲದಾಗ ತುಂಬಿ
ಝುವಾರಿ ನಗರದ ಖೋಲಿಗೆ ತರ್ತಿದ್ದೆ.
ಹತ್ತು ಬೈ ಒಂಬತ್ತು, ಅದರಾಗ ಒಲಿ, ಟ್ರಂಕು, ನಾವು ನಾಲ್ಕು ಮಂದಿ.
ದಾರ ಹಿಡಿಲಿಲ್ಲ, ತೂಕದ ಗುಂಡು ಬಿಡಲಿಲ್ಲ,
ನೀಲವ್ವ ಒಲಿ ಸರಿಸಿ ಕೊಟ್ಟಷ್ಟು ಜಾಗಾದಾಗ
ಅವತ್ತಿನ ಚೂರು ಅವತ್ತು ಒತ್ತಿದೆ.

ಒಂದಿನ ಫೋನ್ ಹತ್ತದ ಮೇಡಂ ಹುಡುಕ್ಕೊಂಡು ಬಂದ್ರು.
ಚಪ್ಪಲಿ ಹೊರಗ ಬಿಟ್ಟು ಒಳಗ ಕಾಲಿಟ್ಟವರು
ನಿಂತಲ್ಲೇ ನಿಂತ್ರು.
ಯಾರು ಡಿಸೈನ್ ಮಾಡಿದ್ದು?
ಯಾರೂ ಇಲ್ರಿ. ಉಳಿದದ್ದು.
ಇಂಥದ್ದ ಬೇಕು ಅಂದ್ರು, ಅಂಜುನಾದ ಹೋಟ್ಲಿಗೆ.

ಡಬ್ಬಿಗಟ್ಟಲೆ ಹೊಸ ಟೈಲ್ಸು ತರಿಸಿ ಒಡದ್ವಿ.
ಮೂರು ಸಲ ಹಾಸಿದೆ, ಮೂರು ಸಲ ಕಿತ್ತೆ.
ಕೈ ತಾನಾಗೇ ಹಳದಿ ಮಗ್ಗಲಕ ನೀಲಿ ಇಡ್ತಿತ್ತು,
ದೊಡ್ಡದರ ಮಗ್ಗಲಕ ಸಣ್ಣದು.
ಇಪ್ಪತ್ತು ವರ್ಷದ ಚಟ.
ಭಾಳ ಯೋಚನಿ ಮಾಡಿದಂಗ ಕಾಣತೈತಿ ಅಂದ್ರು ಮೇಡಂ.
ಯೋಚನಿ ಮಾಡಿದ್ದಕ್ಕ ಬೈಸಿಕೊಂಡದ್ದು
ಅವತ್ತ ಮೊದಲು.

ಐತವಾರ ಮಗಳು ಶಿವಗಂಗಾನ್ನ ಕರ್ಕೊಂಡು ಹೋದೆ.
ಮನ್ಯಾಗ ಅಕಿ ಹಳದಿ ಚೂರಿನ ಮ್ಯಾಲ ಅಷ್ಟ ಕುಂಟತಾಳ,
ಉಳಿದದ್ದೆಲ್ಲ ನೀರು,
ನೀರಾಗ ಮೊಸಳಿ.
ಖಾಲಿ ಹಾಲು ಕಂಡದ್ದ ತಡ, ಒಂದ ಕಾಲಿನ ಮ್ಯಾಲ ಹೊಂಟ್ಲು.
ನಾ ಹಿಂದಿಂದ ಬಗ್ಗಿಕೋತ
ಕಾಲು ಬಿದ್ದಲ್ಲೆಲ್ಲ ಚುಕ್ಕಿ ಇಟ್ಟೆ.
ಕಿಡಕ್ಯಾಗ ಹಡಗು ಕಂಡು ಒಂದು ಕಡೆ
ಎರಡೂ ಕಾಲು ಊರಿ ನಿಂತ್ಲು.
ಅಲ್ಲಿ ಚುಕ್ಕಿ ಎರಡು.

ಚುಕ್ಕಿಗೊಂದು ಹಳದಿ ಚೂರು.
ಈ ಸಲ ಯಾರೂ ಕೀಳು ಅನ್ನಲಿಲ್ಲ.
ಒಂದಕ್ಕೂ ಇನ್ನೊಂದಕ್ಕೂ ನಡುವಿನ ಜಾಗಕ್ಕ,
ಏನೂ ಇಲ್ಲದ ಜಾಗಕ್ಕ,
ಮೇಡಂ ಏನೋ ಹೆಸರು ಹೇಳಿದ್ರು. ಮರತೀನಿ.
ನಮ್ಮ ಮನ್ಯಾಗ ಅದಕ್ಕ ಮೊಸಳಿ ಅಂತೀವಿ.

ಹೊರಡೂ ಮುಂದ ಬೆರಳ ಗೆಣ್ಣಿನಿಂದ
ಒಂದೊಂದ ಬಡದು ನೋಡಿದೆ.
ಹಡಗು ಕಂಡ ಜಾಗದ್ದು ಪೊಳ್ಳು ದನಿ ಕೊಡ್ತು.
ಕಿತ್ತು ಮತ್ತ ಹಾಕಬೇಕಿತ್ತು.
ಬಿಸಲು ಅಲ್ಲೀತನಕ ಬಂದಿತ್ತು,
ಹುಡುಗಿ ಬಸ್ಸು ಅಂತಿದ್ಲು.
ಹಂಗ ಬಿಟ್ಟು ಬಂದೆ.