ಮುನಿ-ಸಾನ್

ಶಿಡ್ಲಘಟ್ಟದಲ್ಲಿ ಮೂಗು ಮುಚ್ಚಿಕೊಂಡವರು ಹೊರಗಿನವರು.
ಗೂಡು ಬೇಯುವ ನೀರಿನ ನಾತ
ನಮಗೆ ನಾತವಲ್ಲ ಕಣೇ, ಸಂಬಳದ ವಾಸನೆ,
ಎನ್ನುತ್ತಿದ್ದಳು ದಿಲ್‌ಷಾದಕ್ಕ, ಪಕ್ಕದ ಬೇಸಿನ್ನಿನವಳು.

ಜಪಾನಿನಲ್ಲಿ ಮೂಗು ಬಿಟ್ಟವರೇ ಹೊರಗಿನವರು.
ಮುನಿರತ್ನ ಅವರ ನಾಲಿಗೆಗೆ ಉದ್ದವಾಯಿತು,
ಮುನಿ-ಸಾನ್ ಎಂದರು.
ಕಿವಿಗೆ ಮುನಿಸು ಎಂದಂತೆ ಕೇಳುತ್ತಿತ್ತು.
ನಾನೇನೂ ಮುನಿಯಲಿಲ್ಲ.
ಬಾಯಿ ಕಾಣುವುದಿಲ್ಲ, ಕಣ್ಣಲ್ಲಿ ನಗಿ ಎಂದು
ಕನ್ನಡಿ ಮುಂದೆ ನಿಲ್ಲಿಸಿ ಕಲಿಸಿದರು, ಮೂರು ವಾರ.
ಕಣ್ಣಲ್ಲಿ ನಗುತ್ತ, ಸೊಂಟ ಬಗ್ಗಿಸಿ ನಮಸ್ಕರಿಸುತ್ತ,
ಬಟ್ಟೆಯ ಹಿಂದೆ ಮೇಲ್ವಿಚಾರಕನಿಗೆ
‘ನಿನ್ನ ಮನೆ ಎಕ್ಕುಟ್ಟೋಗ’ ಎಂದಿದ್ದೇನೆ.
ಅಷ್ಟು ಸುಖ ಇತ್ತು, ಸುಳ್ಳು ಹೇಳಬಾರದು.

ಸುಳ್ಳು ಹೇಳಿದ್ದು ಬೇರೆ ಕಡೆ.
ಹಿಂದಿನ ಕೆಲಸ: ಆಸ್ಪತ್ರೆ ಸಹಾಯಕಿ, ಬೆಂಗಳೂರು.
ಏಜೆಂಟ್ ಹೇಳಿದ, ನಾನು ಬರೆದೆ.
ಬೆರಳ ತುದಿ ಯಾಕೆ ಹೀಗೆ ಎಂದು ಕೇಳಿದರೆ
ಸೋಪು, ಎಂದೆ.

ಹನ್ನೊಂದನೇ ಕೋಣೆಯ ಮುದುಕಿ
ಮಗಳ ಹೆಸರೂ ಮರೆತವಳು.
ಸೂಪಿನ ಬಟ್ಟಲು ಮುಂದಿಟ್ಟರೆ ಕುಡಿಯಳು.
ಬೆರಳದ್ದಿ ಸುತ್ತ ತಿರುವುತ್ತಾಳೆ, ಎತ್ತುತ್ತಾಳೆ,
ಇಲ್ಲದ ಏನನ್ನೋ ಎರಡು ಬೆರಳಲ್ಲಿ ಹಿಡಿದು
ಮೇಲಕ್ಕೆ ಎಸೆಯುತ್ತಾಳೆ, ಇಡೀ ದಿನ.
ಕಾಯಿಲೆ ಎಂದು ಬರೆದುಕೊಂಡರು.
ಕೈಗೆ ಚೀಲ ತೊಡಿಸಿ ಎಂದರು.
ನನಗೆ ಗೊತ್ತು, ಅವಳು ಎಳೆಯ ತುದಿ ಹುಡುಕುತ್ತಿದ್ದಳು.
ಒಂಬತ್ತು ವರ್ಷ ಕುದಿನೀರಲ್ಲಿ
ನಾನು ಹುಡುಕಿದ್ದೂ ಅದನ್ನೇ.

ಬಾಯಿಬಿಟ್ಟರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ.
ಆಸ್ಪತ್ರೆ ಸಹಾಯಕಿಗೆ ಗೊತ್ತಿರುವ ಸಂಗತಿಯಲ್ಲ.
ಚೀಲದ ದಾರ ಬಿಗಿದವಳು ನಾನೇ.
ಗಂಟು ಚೆನ್ನಾಗಿ ಹಾಕುತ್ತೇನೆ.

ಈಗ ರಜೆ. ಚಿಕ್ಕಬಳ್ಳಾಪುರದ ಬಸ್ಸಿಳಿದು
ಗೂಡಿನ ಮಾರುಕಟ್ಟೆಯ ಹಿಂದಿನ ಓಣಿಗೆ ಬಂದಾಗ
ಮುಖದ ಮೇಲೆ ಬಟ್ಟೆ ಇದ್ದದ್ದೇ ಮರೆತಿತ್ತು.
‘ಏನೇ ಮುನಿ, ನಾತ ಬಂತಾ ನಿಂಗೆ?’
ದಿಲ್‌ಷಾದಕ್ಕ ಬೇಸಿನ್ನಿನಿಂದ ತಲೆ ಎತ್ತಲಿಲ್ಲ.
ಕಳಚಿದೆ.
ಗಾಳಿ ಬಡಿದು ಹೊಟ್ಟೆ ತೊಳಸಿತು. ನುಂಗಿಕೊಂಡೆ.
‘ಅಲ್ಲೂ ನೂಲು ತೆಗೀತಾರೇನೇ?’
‘ಒಬ್ಬಳು ತೆಗೀತಾಳೆ, ಸೂಪಿನಲ್ಲಿ.’

ಸಾಲಿಗೆ ಸಾಲೇ ನಕ್ಕಿತು. ಯಾರದೋ ಎಳೆ ತುಂಡಾಯಿತು.
ನಾನೂ ನಕ್ಕೆ,
ಕಣ್ಣಲ್ಲಿ.